ದಿನಕ್ಕೊಂದು ಕಾಯಿ ತುರಿಯುವ ಮನೆ, ಅಪ್ಪನ ಎಲ್‌ಡಿಎಲ್ 162. ತೆಂಗು ಪೂರ್ತಿ ಬಿಡಬೇಕಾ?

ಪುತ್ತೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಉಂಟು, ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದೆವು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 162, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 41, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಕೊಬ್ಬು) 190. ಡಾಕ್ಟರು ರಿಪೋರ್ಟ್ ನೋಡಿ "ತೆಂಗಿನಕಾಯಿ, ತೆಂಗಿನೆಣ್ಣೆ, ತುಪ್ಪ ಎಲ್ಲ ನಿಲ್ಲಿಸಿ" ಎಂದು ಹೇಳಿ, ಕೊಲೆಸ್ಟ್ರಾಲ್ ಮಾತ್ರೆ ಬರೆದು, ಮುಂದಿನವರನ್ನು ಕರೆದರು. ಅಪ್ಪ ಮಾತ್ರೆ ಇನ್ನೂ ಶುರು ಮಾಡಿಲ್ಲ.

ನಮ್ಮ ಮನೆಯ ಅಡುಗೆ ನಿಮಗೆಲ್ಲ ಗೊತ್ತಿರುವುದೇ. ಬೆಳಿಗ್ಗೆ ನೀರುದೋಸೆಗೆ ಕಾಯಿ ಚಟ್ನಿ. ಮಧ್ಯಾಹ್ನದ ಪದಾರ್ಥಕ್ಕೆ ಕಾಯಿ ಅರೆಯಲೇಬೇಕು. ಪಲ್ಯದ ಮೇಲೆ ಒಂದು ಹಿಡಿ ತುರಿ. ಒಗ್ಗರಣೆಗೆ, ಕಾಯಿಸುವುದಕ್ಕೆ ಎಲ್ಲದಕ್ಕೂ ತೆಂಗಿನೆಣ್ಣೆ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಕಾಯಿ ಖರ್ಚಾಗುತ್ತದೆ.

ಆಸ್ಪತ್ರೆಯಿಂದ ಬಂದ ದಿನ ಅಮ್ಮ ರಾತ್ರಿ ಊಟ ಮಾಡಲಿಲ್ಲ. "ಮೂವತ್ತೆಂಟು ವರ್ಷದಿಂದ ಬಡಿಸಿದ್ದು ನಾನೇ ಅಲ್ವಾ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅಣ್ಣ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ತೆಂಗಿನೆಣ್ಣೆ ದಿನಾ ಎರಡು ಚಮಚ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂದು ಅದರಲ್ಲಿ ಹೇಳುತ್ತಾರೆ. ಡಾಕ್ಟರು ಒಂದು ಹೇಳುತ್ತಾರೆ, ವಿಡಿಯೋ ಇನ್ನೊಂದು ಹೇಳುತ್ತದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಬೈಂದೂರು ಅಡುಗೆಮನೆ

ತಂಗಿ, ಮೊದಲು ಅಮ್ಮನಿಗೆ ಊಟ ಮಾಡಿಸಿ. ನಮ್ಮ ಅಜ್ಜಿ 91 ವರ್ಷ ಬದುಕಿದ್ದರು, ಕಾಯಿ ಇಲ್ಲದ ಪದಾರ್ಥ ಅವರು ತಿಂದದ್ದೇ ಇಲ್ಲ. ಹಾಗೆಂದು ರಿಪೋರ್ಟ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಜ್ಜಿ ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರು, ಬಾವಿಯಿಂದ ನೀರು ಸೇದುತ್ತಿದ್ದವರು. ನಾವು ಹಾಗಿಲ್ಲ. ನನಗೂ ಇದೇ ಪ್ರಶ್ನೆ ಉಂಟು, ಉತ್ತರ ಬಂದರೆ ಓದುತ್ತೇನೆ.

ಪಥ್ಯದ ಟೀಚರ್

ಮೈಸೂರಿನಲ್ಲಿ ಆಹಾರ ತಜ್ಞೆಯಾಗಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ "ಬಿಡಿ" ಅಥವಾ "ಬಿಡಬೇಡಿ" ಅನ್ನುವ ಒಂದು ಪದದ ಉತ್ತರದಿಂದಲೇ ಮನೆಗಳಲ್ಲಿ ಇಂಥ ಸಂಕಟ ಹುಟ್ಟುವುದು.

ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಇಟ್ಟರೆ ಕರಗುತ್ತದೆ. ಸುಮಾರು 24 ಡಿಗ್ರಿಗೆ ಅದು ಕರಗುವುದು. ಪಕ್ಕದಲ್ಲೇ ಇಟ್ಟ ಶೇಂಗಾ ಎಣ್ಣೆ ಅದೇ ಚಳಿಯಲ್ಲೂ ನೀರಿನ ಹಾಗೆ ಇರುತ್ತದೆ. ವ್ಯತ್ಯಾಸ ಕೊಬ್ಬಿನ ಆಮ್ಲಗಳ ಆಕಾರದಲ್ಲಿದೆ. ಸ್ಯಾಚುರೇಟೆಡ್ ಕೊಬ್ಬಿನ ಆಮ್ಲದ ಸರಪಳಿ ನೆಟ್ಟಗಿರುತ್ತದೆ. ನೆಟ್ಟಗಿನ ಸೌದೆ ಒಟ್ಟಿದರೆ ಒತ್ತಾಗಿ ಕೂರುತ್ತದೆ ಅಲ್ವಾ, ಹಾಗೆ. ಉಳಿದ ಕೊಬ್ಬುಗಳಲ್ಲಿ ಸರಪಳಿ ಒಂದೆರಡು ಕಡೆ ಡೊಂಕಾಗಿರುತ್ತದೆ. ಡೊಂಕು ಸೌದೆ ಒಟ್ಟಿದರೆ ಸಂದು ಬೀಳುತ್ತದೆ, ಅದಕ್ಕೇ ಆ ಎಣ್ಣೆ ಹರಿಯುತ್ತದೆ. ಶಾಲೆ ಪುಸ್ತಕದಲ್ಲಿ ಪರ್ಯಾಪ್ತ, ಅಪರ್ಯಾಪ್ತ ಎಂದು ಓದಿದ್ದು ಇದನ್ನೇ. ಎಲ್‌ಡಿಎಲ್ ಏರಿಸುವುದು ಹೆಚ್ಚಾಗಿ ಈ ಸ್ಯಾಚುರೇಟೆಡ್ ಕೊಬ್ಬು.

ಎಲ್ಲ ಎಣ್ಣೆಯಲ್ಲೂ ಎರಡೂ ಇರುತ್ತವೆ, ಪಾಲು ಬೇರೆ ಬೇರೆ. 100 ಗ್ರಾಂ ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ 85 ಗ್ರಾಂಗೂ ಹೆಚ್ಚು. ತುಪ್ಪದಲ್ಲಿ 60 ದಾಟುತ್ತದೆ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು. ಶೇಂಗಾ ಎಣ್ಣೆಯಲ್ಲಿ 18ರ ಆಸುಪಾಸು, ಎಳ್ಳೆಣ್ಣೆಯಲ್ಲಿ 15, ಸೂರ್ಯಕಾಂತಿಯಲ್ಲಿ 11.

ಈಗ ನಿಮ್ಮ ಮನೆ ಲೆಕ್ಕಕ್ಕೆ ಬನ್ನಿ. ಒಂದು ಕಾಯಿ ತುರಿದರೆ 280 ಗ್ರಾಂ ಸಿಗುತ್ತದೆ ಅಂದುಕೊಳ್ಳಿ. ಹಸಿ ಕಾಯಿಯ 100 ಗ್ರಾಂ ತುರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು 30 ಗ್ರಾಂ. ಒಟ್ಟು 84. ನಾಲ್ಕು ಜನಕ್ಕೆ ಹಂಚಿದರೆ ತಲಾ 21 ಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನದ ಕ್ಯಾಲೊರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಸ್ಯಾಚುರೇಟೆಡ್ ಕೊಬ್ಬಿನಿಂದ ಬರಲಿ ಎಂದು. 2000 ಕ್ಯಾಲೊರಿ ಊಟ ಮಾಡುವವರಿಗೆ ಅದು 22 ಗ್ರಾಂ. ಅಂದರೆ ಕಾಯಿ ಒಂದರಲ್ಲೇ ದಿನದ ಲೆಕ್ಕ ಮುಗಿಯಿತು. ಒಗ್ಗರಣೆ, ಕರಿಯುವುದು ಸೇರಿ ತಲಾ ಒಂದು ಊಟದ ಚಮಚ ತೆಂಗಿನೆಣ್ಣೆ ಎಂದರೆ ಇನ್ನೊಂದು 11. ಮೂರು ಲೋಟ ಕಾಫಿ, ಮೊಸರು ಸೇರಿ 300 ಮಿ.ಲೀ. ಟೋನ್ಡ್ ಹಾಲು, ಅದರಲ್ಲಿ 6. ಅನ್ನದ ಮೇಲೆ ಒಂದು ಟೀ ಚಮಚ ತುಪ್ಪ, 3. ಎಲ್ಲ ಕೂಡಿಸಿದರೆ 40 ದಾಟುತ್ತದೆ.

ಅಮ್ಮ ತಪ್ಪು ಮಾಡಿಲ್ಲ. ಆದರೆ ಲೆಕ್ಕ ಎರಡರಷ್ಟಾಗಿದೆ. ಅದನ್ನು ಅರ್ಧಕ್ಕೆ ಇಳಿಸುವುದಕ್ಕೆ ತೆಂಗು ಪೂರ್ತಿ ಬಿಡಬೇಕಿಲ್ಲ.

ತಿಪಟೂರು ತೋಟ

ಮೇಡಂ, ನಾನು ತೆಂಗು ಬೆಳೆಯುವವನು, ಹಾಗಾಗಿ ನನ್ನ ಮಾತನ್ನು ಆ ಲೆಕ್ಕದಲ್ಲೇ ತಗೊಳ್ಳಿ. ಆದರೆ ಕೆಲವು ವಿಷಯ ಹೇಳಲೇಬೇಕು. ತೆಂಗಿನಲ್ಲಿ ಕೊಲೆಸ್ಟ್ರಾಲ್ ಅನ್ನುವುದೇ ಇಲ್ಲ, ಎಣ್ಣೆ ಡಬ್ಬದ ಮೇಲೆಯೇ ಬರೆದಿರುತ್ತದೆ. ಇದರಲ್ಲಿರುವುದು ಲಾರಿಕ್ ಆಮ್ಲ, ಅದು ಮಧ್ಯಮ ಸರಪಳಿಯ ಕೊಬ್ಬು, ನೇರ ಲಿವರ್‌ಗೆ ಹೋಗಿ ಶಕ್ತಿಯಾಗುತ್ತದೆ, ಮೈಗೆ ಹತ್ತುವುದಿಲ್ಲ ಎಂದು ನಮಗೆ ತರಬೇತಿಯಲ್ಲೇ ಹೇಳಿದ್ದಾರೆ. ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರು ಊಟದ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ತೆಂಗಿನಿಂದಲೇ ಪಡೆಯುತ್ತಿದ್ದರು, ಆದರೂ ಅವರಲ್ಲಿ ಹೃದಯದ ಕಾಯಿಲೆ ಅಪರೂಪವಾಗಿತ್ತು. ಕೇರಳದಲ್ಲಿ ಹೃದ್ರೋಗಿಗಳಿಗೇ ತೆಂಗಿನೆಣ್ಣೆ ಕೊಟ್ಟು ನೋಡಿದ್ದಾರೆ, ಏನೂ ಆಗಲಿಲ್ಲ.

ಬೆಲೆ ಬಿದ್ದಾಗ ಯಾರೂ ಕೇಳುವುದಿಲ್ಲ. ಡಾಕ್ಟರು "ಬಿಡಿ" ಅಂದ ತಕ್ಷಣ ಜನ ಬಿಟ್ಟುಬಿಡುತ್ತಾರೆ. ಬಿಟ್ಟು ತಿನ್ನುವುದೇನು? ಅಂಗಡಿ ಬಿಸ್ಕತ್ತು. ಅದು ನೋವಾಗುತ್ತದೆ.

ಪಥ್ಯದ ಟೀಚರ್

ಸರ್, ನಿಮ್ಮ ಕೊನೆಯ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ಮತ್ತೆ ಬರುತ್ತೇನೆ.

ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವುದು ನಿಜ. ಯಾವ ಗಿಡದ ಎಣ್ಣೆಯಲ್ಲೂ ಇಲ್ಲ. ಆದರೆ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ನಮ್ಮ ದೇಹವೇ ಮಾಡಿಕೊಳ್ಳುವುದು. ಅದು ಏರುವುದರಲ್ಲಿ ತಿಂದ ಕೊಲೆಸ್ಟ್ರಾಲಿಗಿಂತ ತಿಂದ ಸ್ಯಾಚುರೇಟೆಡ್ ಕೊಬ್ಬಿನ ಪಾತ್ರ ದೊಡ್ಡದು.

ಲಾರಿಕ್ ಆಮ್ಲದ ವಿಷಯ ಎಲ್ಲರೂ ಹೀಗೇ ನಂಬಿದ್ದಾರೆ. ಅದರ ಸರಪಳಿಯಲ್ಲಿ 12 ಇಂಗಾಲ. ನೇರ ಲಿವರ್‌ಗೆ ಹೋಗುವುದು ಮುಖ್ಯವಾಗಿ 8 ಮತ್ತು 10 ಇಂಗಾಲದವು. ತೆಂಗಿನೆಣ್ಣೆಯಲ್ಲಿ ಆ ಎರಡೂ ಸೇರಿದರೂ ಏಳನೇ ಒಂದು ಪಾಲು ಇದ್ದೀತು. ಅರ್ಧದಷ್ಟಿರುವ ಲಾರಿಕ್ ಹೆಚ್ಚಿನಂಶ ಉದ್ದ ಸರಪಳಿಯ ಕೊಬ್ಬಿನ ದಾರಿಯಲ್ಲೇ ರಕ್ತಕ್ಕೆ ಸೇರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಎಂಸಿಟಿ ಎಣ್ಣೆ (ಮಧ್ಯಮ ಸರಪಳಿಯ ಕೊಬ್ಬನ್ನೇ ಬೇರ್ಪಡಿಸಿ ಮಾಡಿದ್ದು) ಬೇರೆ, ನಿಮ್ಮ ಗಾಣದ ಎಣ್ಣೆ ಬೇರೆ. ಒಂದರ ಗುಣ ಇನ್ನೊಂದಕ್ಕೆ ಹಚ್ಚುವುದರಿಂದಲೇ ಈ ವಿಡಿಯೋಗಳು ಓಡುತ್ತವೆ.

2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಪಾಯಿಂಟ್ ಏರಿಸಿತು. ಎಚ್‌ಡಿಎಲ್ ಅನ್ನೂ 4 ಪಾಯಿಂಟ್ ಏರಿಸಿತು. ಒಳ್ಳೆಯದು ಏರಿತಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ಔಷಧಿಯಿಂದ ಎಚ್‌ಡಿಎಲ್ ಏರಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು ಆಮೇಲೆ ಗೊತ್ತಾಗಿದೆ.

ಕೊಚ್ಚಿಯ ಪ್ರಯೋಗ ನನಗೂ ಇಷ್ಟ. 200 ಹೃದ್ರೋಗಿಗಳು, ಎರಡು ವರ್ಷ. ಅರ್ಧ ಜನಕ್ಕೆ ತೆಂಗಿನೆಣ್ಣೆ, ಅರ್ಧ ಜನಕ್ಕೆ ಸೂರ್ಯಕಾಂತಿ. ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದವರು, ಎಣ್ಣೆಯೂ ಅಳತೆಯಲ್ಲಿತ್ತು. ಅಳತೆ ಇದ್ದರೆ ತೆಂಗಿನೆಣ್ಣೆಗೂ ಜಾಗ ಇದೆ ಎನ್ನಲು ಅದು ಸಾಕು. ಚಮಚಗಟ್ಟಲೆ ಕುಡಿಯಿರಿ ಎನ್ನಲು ಸಾಲದು.

ಟೊಕೆಲಾವ್‌ನವರ ಊಟ ತೆಂಗು, ಮೀನು, ಹಲಸಿನ ಜಾತಿಯ ಒಂದು ಕಾಯಿ. ಸಕ್ಕರೆ, ಮೈದಾ ಕಡಿಮೆ, ಮೈಮುರಿ ಕೆಲಸ ಜಾಸ್ತಿ. ಅಷ್ಟಾದರೂ, ತೆಂಗು ಕಡಿಮೆ ತಿನ್ನುವ ಪುಕಾಪುಕಾ ದ್ವೀಪದವರಿಗಿಂತ ಅವರ ಕೊಲೆಸ್ಟ್ರಾಲ್ ಹೆಚ್ಚೇ ಇತ್ತು.

ಹೆಲ್ಸಿಂಕಿ ಕನ್ನಡಿಗ

ಶಿರಸಿ ಕಡೆಯವನು, ಹನ್ನೆರಡು ವರ್ಷದಿಂದ ಫಿನ್ಲೆಂಡಿನಲ್ಲಿದ್ದೇನೆ. ಇಲ್ಲಿ ಒಂದು ಇಡೀ ಜಿಲ್ಲೆ ಇದೇ ಪ್ರಶ್ನೆ ಎದುರಿಸಿತ್ತು. ನಿಮ್ಮ ಅಮ್ಮನಿಗೆ ಓದಿ ಹೇಳಿ.

ರಷ್ಯಾದ ಗಡಿಗೆ ಅಂಟಿಕೊಂಡ ಉತ್ತರ ಕರೇಲಿಯಾ ಅನ್ನುವ ಪ್ರದೇಶ. ಹಾಲು ಕರೆಯುವವರು, ಕಾಡಿನಲ್ಲಿ ಮರ ಕಡಿಯುವವರು. 1970ರ ಸುಮಾರಿಗೆ ಹೃದಯಾಘಾತದಿಂದ ನಡುವಯಸ್ಸಿನ ಗಂಡಸರು ಸಾಯುವುದರಲ್ಲಿ ಫಿನ್ಲೆಂಡ್ ಜಗತ್ತಿಗೇ ಮುಂದಿತ್ತು. ಆ ದೇಶದಲ್ಲೂ ಈ ಪ್ರದೇಶ ಮುಂದಿತ್ತು. ದಿನವಿಡೀ ಮೈಮುರಿದು ದುಡಿಯುವವರೇ ಐವತ್ತು ತುಂಬುವ ಮೊದಲೇ ಹೋಗುತ್ತಿದ್ದರು. ಹಾಗಾಗಿ ದುಡಿಮೆ ಒಂದೇ ಕಾಪಾಡುತ್ತದೆ ಎನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ.

ಅವರ ಊಟ ಎಂದರೆ ಬ್ರೆಡ್ಡಿನ ಮೇಲೆ ದಪ್ಪ ಬೆಣ್ಣೆ, ಕೆನೆ ತೆಗೆಯದ ಹಾಲು, ಕೊಬ್ಬಿನ ಮಾಂಸ, ಜಾಸ್ತಿ ಉಪ್ಪು. ತರಕಾರಿ ದನದ ಮೇವು ಎನ್ನುವ ಭಾವನೆ ಇತ್ತಂತೆ. ಜೊತೆಗೆ ಸಿಗರೇಟು. 1971ರಲ್ಲಿ ಜನರೇ ಸರಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನುವ ಯುವ ವೈದ್ಯ ಕೆಲಸ ಶುರು ಮಾಡಿದರು. ಅವರು ಆಸ್ಪತ್ರೆಯಲ್ಲಿ ಕೂತು "ಬೆಣ್ಣೆ ಬಿಡಿ" ಎಂದು ಹೇಳಲಿಲ್ಲ. ಮಹಿಳಾ ಸಂಘದವರ ಜೊತೆ ಹಳ್ಳಿ ಹಳ್ಳಿಗೆ ಹೋಗಿ, ಊರವರದೇ ಅಡುಗೆಯನ್ನು ಕಡಿಮೆ ಕೊಬ್ಬಿನಲ್ಲಿ ಮಾಡಿ ಬಡಿಸಿದರು. ಹಾಲಿನವರಿಗೆ ನಷ್ಟ ಆಗುತ್ತದೆ ಎಂದಾಗ ಬೆರ್ರಿ ಹಣ್ಣು ಬೆಳೆಯುವುದಕ್ಕೆ ದಾರಿ ಮಾಡಿದರು. ತಿಪಟೂರಿನ ಅಣ್ಣನವರೇ, ಬೆಳೆಗಾರರ ಸಂಕಟ ಅಲ್ಲಿಯೂ ಇತ್ತು, ಅದನ್ನು ಯಾರೂ ತಳ್ಳಿಹಾಕಲಿಲ್ಲ.

ನಲವತ್ತು ವರ್ಷದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು. ಸಿಗರೇಟು, ರಕ್ತದೊತ್ತಡ, ಒಳ್ಳೆಯ ಚಿಕಿತ್ಸೆ ಎಲ್ಲದರ ಪಾಲೂ ಅದರಲ್ಲಿ ಇದೆ. ಆದರೆ ದೊಡ್ಡ ಪಾಲು ಕೊಲೆಸ್ಟ್ರಾಲ್ ಇಳಿದದ್ದಕ್ಕೆ ಸೇರುತ್ತದೆ.

ಗದಗಿನ ಶೇಂಗಾ ಹೊಲ

ನಮ್ಮ ಕಡೆ ತೆಂಗು ಬಳಸೂದು ಕಡಿಮೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ಹಾಗಾದರೆ ನಮ್ಮಲ್ಲಿ ಹೃದಯಾಘಾತ ಆಗಬಾರದಿತ್ತು ಅಲ್ವಾ? ನಮ್ಮ ಓಣಿಯಲ್ಲೇ ಎರಡು ವರ್ಷದಲ್ಲಿ ಮೂವರು ಹೋದರು, ಅದರಲ್ಲಿ ಒಬ್ಬನಿಗೆ 42. ಮೊದಲು ಜೋಳದ ರೊಟ್ಟಿ, ಕಾಳು ಪಲ್ಯ ಉಣ್ಣುತ್ತಿದ್ದವರು ಈಗ ಮೂರು ಹೊತ್ತೂ ಬಿಳಿ ಅನ್ನ. ಸಂಜೆ ಆದರೆ ಮಿರ್ಚಿ ಭಜಿ. ಗಿರ್ಮಿಟ್ ಜೊತೆ ಸಿಹಿ ಚಹಾ ಎರಡು ಸಲ. ಎಣ್ಣೆ ಒಂದನ್ನೇ ಹಿಡಿದು ಮಾತಾಡಿದರೆ ಅರ್ಧ ಕಥೆ ಬಿಟ್ಟಂತೆ ಅನಿಸುತ್ತದೆ.

ಪಥ್ಯದ ಟೀಚರ್

ನೀವು ಹೇಳಿದ್ದೇ ಇಡೀ ಚರ್ಚೆಯ ತಿರುಳು. ಸ್ಯಾಚುರೇಟೆಡ್ ಕೊಬ್ಬು ತೆಗೆದ ಜಾಗಕ್ಕೆ ಏನು ಬಂತು ಎಂದು ಕೇಳಲೇಬೇಕು. ಶೇಂಗಾ, ಎಳ್ಳು, ಕಾಳು, ಮೀನು ಬಂದರೆ ಎಲ್‌ಡಿಎಲ್ ಇಳಿಯುತ್ತದೆ, ಹೃದಯಕ್ಕೂ ಲಾಭ. ಬಿಳಿ ಅನ್ನ, ಮೈದಾ, ಸಕ್ಕರೆ ಬಂದರೆ ಎಲ್‌ಡಿಎಲ್ ಸ್ವಲ್ಪ ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಬೀಳುತ್ತದೆ. ಪುತ್ತೂರಿನವರ ಅಪ್ಪನ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ 190 ಇದೆ. ಅದು ತೆಂಗಿನ ಕೆಲಸವಲ್ಲ. ಅನ್ನದ ತಟ್ಟೆ ಮತ್ತು ಚಹಾದ ಸಕ್ಕರೆಯನ್ನು ನೋಡಬೇಕು.

ಬೇಕರಿ ಒಲೆ

ಹದಿನಾಲ್ಕು ವರ್ಷ ಬೇಕರಿಗಳಲ್ಲಿ ಕೆಲಸ ಮಾಡಿದವನು. ಪಫ್ಸ್ ಹೇಗೆ ಮಾಡುತ್ತೇವೆ ಗೊತ್ತಾ? ಒಂದು ಕಿಲೋ ಮೈದಾ ಕಲಸಿ ಹಾಳೆ ಮಾಡಿ, ಅದರ ಮೇಲೆ 600 ಗ್ರಾಂ ಗಟ್ಟಿ ಕೊಬ್ಬು ಹರಡಿ, ಮಡಚಿ, ಲಟ್ಟಿಸಿ, ಮತ್ತೆ ಮಡಚುತ್ತೇವೆ. ಒಲೆಯಲ್ಲಿ ಪದರ ಪದರವಾಗಿ ಏಳುವುದು ಆ ಕೊಬ್ಬಿನಿಂದ. ಎಣ್ಣೆ ಹಾಕಿದರೆ ಪದರ ಬರುವುದಿಲ್ಲ, ಗಟ್ಟಿ ಕೊಬ್ಬೇ ಬೇಕು.

ಮೊದಲು ಅದು ವನಸ್ಪತಿ. 1937ರಲ್ಲಿ ಡಾಲ್ಡಾ ಬಂದಾಗಿನಿಂದ ಜನ ತುಪ್ಪದ ಬದಲು ಬಳಸಿದ್ದು ಅದನ್ನೇ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ, ಸ್ಯಾಚುರೇಟೆಡ್‌ಗಿಂತ ಕೆಟ್ಟದ್ದು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಶೇ. 2 ದಾಟಬಾರದು ಎಂಬ ನಿಯಮ ಬಂದಿದೆ. ತುಂಬಾ ಒಳ್ಳೆಯ ಕೆಲಸ. ಆದರೆ ಆ ಜಾಗಕ್ಕೆ ಬಂದದ್ದು ಹೆಚ್ಚಾಗಿ ಪಾಮ್ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು, ಅದು ಸ್ಯಾಚುರೇಟೆಡ್. ಬಿಸ್ಕತ್ತು, ಕ್ರೀಮ್ ಬನ್, ಖಾರಾ ಬಿಸ್ಕತ್ತು, ರಸ್ಕ್, ಎಲ್ಲದರಲ್ಲೂ ಅದೇ. ಐಸ್‌ಕ್ರೀಮ್ ಡಬ್ಬದ ಮೇಲೆ "ಫ್ರೋಜನ್ ಡೆಸರ್ಟ್" ಎಂದಿದ್ದರೆ ಅದರಲ್ಲಿರುವುದು ಹೆಚ್ಚಾಗಿ ಹಾಲಿನ ಕೊಬ್ಬಲ್ಲ, ಗಿಡದ ಕೊಬ್ಬು.

ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. 100 ಗ್ರಾಂಗೆ ಸ್ಯಾಚುರೇಟೆಡ್ ಎಷ್ಟು ಎಂದು ಬರೆದಿರಲೇಬೇಕು. ಅಪ್ಪ ಸಂಜೆ ಚಹಾ ಜೊತೆ ಏನು ತಿನ್ನುತ್ತಾರೆ ಎಂದು ಟೀಚರ್ ಲೆಕ್ಕದಲ್ಲಿ ಬರಲಿಲ್ಲ. ಅದನ್ನೂ ಕೇಳಿ.

ಪುತ್ತೂರಿನ ಮಗಳು

ಕೇಳಿದೆ. ದಿನಾ ಸಂಜೆ ಪೇಟೆಗೆ ಹೋದಾಗ ಒಂದು ಬನ್ಸ್, ಇಲ್ಲದಿದ್ದರೆ ಗೋಳಿಬಜೆ, ಎರಡೂ ಮೈದಾದ್ದು, ಎಣ್ಣೆಯಲ್ಲಿ ಕರಿದದ್ದು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಈಗ ಸ್ವಲ್ಪ ಹಗುರಾಗಿದೆ.

ಪ್ರಶ್ನೆ ಮುಗಿಯದವನು

ಒಂದು ಮಾತು ಇಲ್ಲಿ ಬಿಟ್ಟುಹೋಗುತ್ತಿದೆ. ಅಮೆರಿಕದ ಮಿನೆಸೋಟದಲ್ಲಿ 1968ರಿಂದ 1973ರ ತನಕ ಸಾವಿರಾರು ಜನರಿಗೆ ಸ್ಯಾಚುರೇಟೆಡ್ ಕೊಬ್ಬು ತೆಗೆದು ಮೆಕ್ಕೆಜೋಳದ ಎಣ್ಣೆ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಿತು, ಸಾವು ಇಳಿಯಲಿಲ್ಲ. ಆ ಅಂಕಿಗಳು ಪೂರ್ತಿ ಹೊರಬಂದದ್ದು 2016ರಲ್ಲಿ. ಬೆಂಗಳೂರಿನವರೂ ಸೇರಿದ್ದ, 18 ದೇಶಗಳ ಪ್ಯೂರ್ ಅಧ್ಯಯನ 2017ರಲ್ಲಿ ಬಂತು. ಅದರಲ್ಲೂ ಅತಿಯಾದ ಪಿಷ್ಟದ ಊಟಕ್ಕೇ ಹೆಚ್ಚು ಸಾವಿನ ನಂಟು ಕಂಡಿತು, ಕೊಬ್ಬಿಗೆ ಅಲ್ಲ. ಇಷ್ಟೆಲ್ಲ ಇರುವಾಗ ಅಷ್ಟು ಗಟ್ಟಿಯಾಗಿ ಹೇಳಬಹುದಾ?

ಲ್ಯಾಬ್ ಕೆಲಸದವನು

ಒಳ್ಳೆಯ ಪ್ರಶ್ನೆ. ಒಂದೊಂದೇ ಪ್ರಯೋಗ ಹಿಡಿದರೆ ಎರಡೂ ಕಡೆಗೆ ಸಾಕ್ಷಿ ಸಿಗುತ್ತದೆ. ಕನಿಷ್ಠ ಎರಡು ವರ್ಷ ನಡೆದ 15 ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟಿಗೆ ನೋಡಿತು. ಸ್ಯಾಚುರೇಟೆಡ್ ಕಡಿಮೆ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಸುಮಾರು ಶೇ. 17 ಕಡಿಮೆ. ಒಟ್ಟು ಸಾವಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಹೇಳಬೇಕು. ಪ್ಯೂರ್ ಅಧ್ಯಯನದಲ್ಲಿ ಯಾರ ಊಟವನ್ನೂ ಬದಲಿಸಿರಲಿಲ್ಲ, ಜನ ತಿನ್ನುವುದನ್ನು ಕೇಳಿ ಬರೆದುಕೊಂಡಿದ್ದರು. ಬಡವರ ಊಟದಲ್ಲಿ ಪಿಷ್ಟ ಜಾಸ್ತಿ, ಚಿಕಿತ್ಸೆ ಕಡಿಮೆ. ಅದನ್ನು ಬಿಡಿಸಿ ನೋಡುವುದು ಕಷ್ಟ.

ದೇಹದೊಳಗೆ ಆಗುವುದು ಹೀಗೆ. ಲಿವರ್‌ನ ಮೈಮೇಲೆ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆಯುವ ಕೊಕ್ಕೆಗಳಿವೆ. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ಕೊಕ್ಕೆಗಳ ಕೆಲಸ ಮಂದವಾಗುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ, ವರ್ಷಗಟ್ಟಲೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಎಲ್ಲ ಸ್ಯಾಚುರೇಟೆಡ್ ಆಮ್ಲಗಳೂ ಒಂದೇ ಥರ ಅಲ್ಲ. ಕೋಕೋ ಬೆಣ್ಣೆಯಲ್ಲಿರುವ ಸ್ಟಿಯರಿಕ್ ಆಮ್ಲ ಎಲ್‌ಡಿಎಲ್ ಏರಿಸುವುದಿಲ್ಲ. ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್ ಏರಿಸುತ್ತವೆ. ತೆಂಗು, ಹಾಲಿನ ಕೊಬ್ಬು, ಪಾಮ್‌ನಲ್ಲಿ ಜಾಸ್ತಿ ಇರುವುದು ಇವೇ.

ಪುತ್ತೂರಿನ ಅಕ್ಕ, ಮೂರು ಮಾತು ಕೇಳಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರು ಬರೆದ ಮಾತ್ರೆಯನ್ನು ಮುಂದೂಡಬೇಡಿ. ಊಟ ಬದಲಿಸುವುದು ಮಾತ್ರೆಗೆ ಜೊತೆ, ಅದರ ಬದಲಿಗೆ ಅಲ್ಲ. ಥೈರಾಯ್ಡ್ ಒಮ್ಮೆ ನೋಡಿಸಿ, ಅದು ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ. ಮತ್ತೆ, ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿ. ನಾನು ದಿನಾ ಲ್ಯಾಬ್‌ನಲ್ಲಿ ನೋಡುತ್ತೇನೆ, ಮನೆಯ ಗಂಡಸರ ರಿಪೋರ್ಟ್ ಫೈಲ್‌ಗಟ್ಟಲೆ ಇರುತ್ತದೆ, ಅದೇ ಅಡುಗೆ ಮಾಡಿ ಅದನ್ನೇ ಉಣ್ಣುವ ಹೆಂಗಸರು ಒಮ್ಮೆಯೂ ಬಂದಿರುವುದಿಲ್ಲ.

ಬೈಂದೂರು ಅಡುಗೆಮನೆ

ಓದಿದ ಮೇಲೆ ಒಂದು ವಾರ ನಮ್ಮನೆಯಲ್ಲಿ ಮಾಡಿ ನೋಡಿದೆ. ಕೆಲಸಕ್ಕೆ ಬಂದದ್ದನ್ನು ಬರೆಯುತ್ತೇನೆ ತಂಗಿ.

ಕಾಯಿ ಕಡಿಮೆ ಮಾಡಿದರೆ ಪದಾರ್ಥ ತೆಳ್ಳಗಾಗುತ್ತದೆ, ಅದಕ್ಕೇ ಮನೆಯವರು ಮೂತಿ ತಿರುವುವುದು. ಮಂದ ಬರಿಸಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಬಸಳೆ ಪದಾರ್ಥಕ್ಕೆ ಒಂದು ಹೋಳು ಕಾಯಿ ಹಾಕುವಲ್ಲಿ ಕಾಲು ಹೋಳು ಹಾಕಿ, ಬೇಯಿಸಿದ ತೊಗರಿಬೇಳೆ ಒಂದು ಸೌಟು ಮಸಾಲೆ ಜೊತೆಗೇ ಅರೆಯಿರಿ. ಸೌತೆಕಾಯಿ ಹುಳಿಗೆ ಅದೇ ಸೌತೆಯ ಬೆಂದ ನಾಲ್ಕು ಹೋಳನ್ನು ರುಬ್ಬಿ ಸೇರಿಸಿದರೆ ಸಾಕು. ಕೊತ್ತಂಬರಿ, ಮೆಣಸು, ಮೆಂತೆ ಹುರಿಯುವಾಗ ಎಣ್ಣೆ ಬೇಡ, ಬರಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಪರಿಮಳ ಇನ್ನೂ ಜಾಸ್ತಿ.

ಚಟ್ನಿಗೆ ಅರ್ಧ ಕಾಯಿ, ಅರ್ಧ ಹುರಿಗಡಲೆ. ವಾರಕ್ಕೆರಡು ದಿನ ಶೇಂಗಾ ಚಟ್ನಿ. ತಂಬುಳಿಗೆ ಕಾಯಿ ಎರಡೇ ಚಮಚ, ಮಜ್ಜಿಗೆ ಜಾಸ್ತಿ.

ಎಣ್ಣೆಗೆ ನಾನು ಮಾಡಿದ್ದು ಇಷ್ಟೇ. ಬೇಯಿಸುವುದು, ಕಾಯಿಸುವುದು ಎಲ್ಲ ಶೇಂಗಾ ಎಣ್ಣೆಯಲ್ಲಿ. ಒಲೆ ಆರಿಸಿದ ಮೇಲೆ ಕೊನೆಯ ಒಗ್ಗರಣೆಗೆ ಮಾತ್ರ ಒಂದು ಟೀ ಚಮಚ ತೆಂಗಿನೆಣ್ಣೆ, ಬೆಳ್ಳುಳ್ಳಿ, ಕರಿಬೇವು. ಊಟಕ್ಕೆ ಕೂತಾಗ ಮೂಗಿಗೆ ಬರುವುದು ಆ ಒಗ್ಗರಣೆಯ ಪರಿಮಳ. ನಮ್ಮ ಮಾವನಿಗೆ ಎಂಟು ದಿನ ಆದರೂ ಬದಲಾದದ್ದು ತಿಳಿಯಲಿಲ್ಲ.

ತಿಪಟೂರು ತೋಟ

ಅಕ್ಕನವರ ಮಾತು ನನಗೆ ಒಪ್ಪಿಗೆ. ಒಳ್ಳೆಯ ಕಾಯಿ ಕಾಲು ಹೋಳು ಸಾಕಾಗುತ್ತದೆ. ಎಳೆಕಾಯಿ ಆದರೆ ಒಂದು ಹೋಳು ಹಾಕಿದರೂ ರುಚಿ ಬರುವುದಿಲ್ಲ. ಚೆನ್ನಾಗಿ ಬಲಿತದ್ದು, ಅಲ್ಲಾಡಿಸಿದರೆ ನೀರು ಸದ್ದು ಮಾಡುವುದನ್ನು ಆರಿಸಿ. ವಿಡಿಯೋದವರು ಹೇಳುವ ಹಾಗೆ ಎಣ್ಣೆ ಕುಡಿಯಿರಿ ಎಂದು ನಾನು ಇನ್ನು ಯಾರಿಗೂ ಹೇಳುವುದಿಲ್ಲ.

ಪುತ್ತೂರಿನ ಮಗಳು

ಮೂರು ತಿಂಗಳಾಯಿತು, ಬಂದು ಹೇಳಬೇಕು ಎಂದು ಕಾಯುತ್ತಿದ್ದೆ.

ಮೊದಲ ದಿನ ಕಾಯಿ ತುರಿದು ತಕ್ಕಡಿಯಲ್ಲಿಟ್ಟೆವು. 290 ಗ್ರಾಂ ಬಂತು. ಅಮ್ಮ ಮುಳ್ಳನ್ನೇ ನೋಡುತ್ತಾ ನಿಂತರು, ಆಮೇಲೆ ಅವರೇ ಅದನ್ನು ನಾಲ್ಕು ಪಾಲು ಮಾಡಿ ಮೂರನ್ನು ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟರು. ಈಗ ಒಂದು ಕಾಯಿ ಎರಡೂವರೆ ದಿನ ಬರುತ್ತದೆ. ಒಗ್ಗರಣೆ ಬೈಂದೂರಿನ ಅಕ್ಕ ಹೇಳಿದ ಹಾಗೆ. ಅನ್ನ ಒಂದು ಸೌಟು ಕಡಿಮೆ, ಹೆಸರು ಕಾಳು, ಹುರುಳಿ ದಿನಾ ಒಂದು ಹೊತ್ತು. ಅಪ್ಪ ಸಂಜೆಯ ಬನ್ಸ್ ಬಿಟ್ಟು ಹುರಿದ ಶೇಂಗಾ ಒಂದು ಹಿಡಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ.

ಅಪ್ಪನ ಎಲ್‌ಡಿಎಲ್ ಈಗ 84, ಟ್ರೈಗ್ಲಿಸರೈಡ್ 146. ಮಾತ್ರೆ ಅದೇ ವಾರ ಶುರು ಮಾಡಿದ್ದರಿಂದ ಇದರಲ್ಲಿ ದೊಡ್ಡ ಪಾಲು ಅದರದ್ದೇ ಎಂದು ಡಾಕ್ಟರು ಹೇಳಿದರು. ಈ ಸಲ ಅವರು ಹತ್ತು ನಿಮಿಷ ಕೂತು ಮಾತಾಡಿದರು, ನಾನು ಲೆಕ್ಕ ಬರೆದುಕೊಂಡು ಹೋಗಿದ್ದೆ.

ಆದರೆ ಹೇಳಲೇಬೇಕಾದ್ದು ಅಮ್ಮನದು. ಲ್ಯಾಬ್‌ನ ಅಣ್ಣ ಬರೆದದ್ದು ಓದಿ ಮರುದಿನವೇ ಕರೆದುಕೊಂಡು ಹೋಗಿದ್ದೆ. ಆಗ ಅಮ್ಮನ ಎಲ್‌ಡಿಎಲ್ 151, ಥೈರಾಯ್ಡ್ ಸರಿ ಇತ್ತು. ಯಾರೂ ಒಮ್ಮೆಯೂ ನೋಡಿರಲಿಲ್ಲ. ಅಮ್ಮನಿಗೆ ಮಾತ್ರೆ ಬರೆದಿರಲಿಲ್ಲ, ಬದಲಾದದ್ದು ಊಟ ಮಾತ್ರ. ಈಗ 133.

ರಿಪೋರ್ಟ್ ಕೈಯಲ್ಲಿ ಹಿಡಿದು ಅಮ್ಮ ಎರಡು ಸಲ ಓದಿದರು. ನಿಮ್ಮೆಲ್ಲರಿಗೂ ಅವರು ನಮಸ್ಕಾರ ಹೇಳಲು ಹೇಳಿದ್ದಾರೆ. ಒಂದು ಪ್ರಶ್ನೆಯೂ ಕೇಳಿದ್ದಾರೆ. ಮಳೆಗಾಲ ಬಂತು, ಕೆಸುವಿನೆಲೆ ತೋಟದಲ್ಲಿ ತುಂಬ ಉಂಟು. ಪತ್ರೊಡೆಗೆ ಕಾಯಿ ಎಷ್ಟು ಹಾಕಬಹುದು?

ಬೈಂದೂರು ಅಡುಗೆಮನೆ

ಅಮ್ಮನಿಗೆ ಹೇಳಿ, ಎರಡು ಲೋಟ ಅಕ್ಕಿಗೆ ಅರ್ಧ ಹೋಳು ಕಾಯಿ ಸಾಕು. ಅಕ್ಕಿ ನೆನೆಸುವಾಗ ಅರ್ಧ ಲೋಟ ತೊಗರಿಬೇಳೆಯನ್ನೂ ನೆನೆಸಿ ಒಟ್ಟಿಗೇ ಅರೆಯಲಿ, ಆಗ ಬಿರುಸಾಗುವುದಿಲ್ಲ. ಹುಣಸೆಹುಳಿ ಸ್ವಲ್ಪ ಮುಂದಾಗಿ ಇರಲಿ, ಎಲೆಯ ತುರಿಕೆ ಹೋಗಬೇಕಲ್ಲ. ಬೆಂದ ಮೇಲೆ ಹೋಳು ಮಾಡಿ ಕಾವಲಿಯಲ್ಲಿ ಕಾಯಿಸುವುದಾದರೆ ಆ ಒಂದು ಚಮಚ ತೆಂಗಿನೆಣ್ಣೆಯೇ ಹಾಕಲಿ. ಅದಕ್ಕೆ ಬೇರೆ ಎಣ್ಣೆ ಆಗುವುದಿಲ್ಲ.